ಬೀಗರ ಮನೆಯಲ್ಲಿ ಹೊಟ್ಟೆ ತೊಳೆದದ್ದು

ನಾನು ಅನುಮಾನದ ಮನುಷ್ಯ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಅನುಮಾನ ಪಡುವುದಕ್ಕೆಂದೇ ನನಗೆ ಮೂವತ್ತು ವರ್ಷ ಸಂಬಳ ಕೊಟ್ಟಿದ್ದಾರೆ. ಮಾನ್ವಿಯ ಅಕ್ಕಿ ಗಿರಣಿಯೊಂದರಲ್ಲಿ, ಬಂದ ಭತ್ತದ ಚೀಲಕ್ಕೆ ಚೂಪು ಮೂತಿಯ ಕಬ್ಬಿಣದ ಕೊಳವೆ ಚುಚ್ಚಿ, ಒಳಗಿನ ಕಾಳನ್ನು ಅಂಗೈಗೆ ಸುರಿದುಕೊಂಡು, ಉಜ್ಜಿ, ಊದಿ, ಒಂದೆರಡನ್ನು ಹಲ್ಲಿನಲ್ಲಿ ಕಡಿದು, ಹಸಿ ಎಷ್ಟು, ಜೊಳ್ಳು ಎಷ್ಟು, ಮಣ್ಣು ಎಷ್ಟು ಎಂದು ಹೇಳುವುದು ನನ್ನ ಕೆಲಸವಾಗಿತ್ತು. ಚೀಲದ ಬಾಯಲ್ಲಿ ಯಾವಾಗಲೂ ಬಂಗಾರದಂಥ ಕಾಳಿರುತ್ತದೆ. ಬಾಯಿ ನೋಡಿ ನಂಬಿದವನ ನೌಕರಿ ತಿಂಗಳು ಉಳಿಯುವುದಿಲ್ಲ. ಈ ಚಟ ನಿವೃತ್ತಿಯ ಕಾಗದದ ಜೊತೆ ಗಿರಣಿಯಲ್ಲೇ ಉಳಿಯಬೇಕಿತ್ತು, ಉಳಿಯಲಿಲ್ಲ. ಹಾಲಿನವನ ಹಾಲು, ತರಕಾರಿಯವಳ ತಕ್ಕಡಿ, ಟಿವಿಯಲ್ಲಿ ಹೇಳುವ ಮಳೆ, ಮದುವೆಯ ಕಾಗದದಲ್ಲಿ ಹುಡುಗನ ಹೆಸರಿನ ಕೆಳಗೆ ಬರೆದಿರುವ ಡಿಗ್ರಿ, ಯಾವುದನ್ನೂ ನಾನು ಮೊದಲ ಸಲಕ್ಕೆ ನಂಬಿದ್ದಿಲ್ಲ. ಮಗಳಿಗೆ ಗಂಡು ನೋಡಿದಾಗ ರಾಯಚೂರಿನಲ್ಲಿ ಬೀಗರ ಓಣಿಯ ಮೂಲೆಯ ಹೋಟೆಲಿನಲ್ಲಿ ಮೂರು ದಿನ ಕೂತು, ಹದಿನೆಂಟು ಕಪ್ ಚಹಾ ಕುಡಿದು, ಆ ಮನೆತನದ ಬಗ್ಗೆ ವಿಚಾರಿಸಿದ್ದೇನೆ. ಕೊನೆಗೆ ಹೋಟೆಲಿನವನೇ, "ಯಪ್ಪಾ, ಆ ಮಂದಿ ಛಲೋ ಇದ್ದಾರ. ನೀವೇ ಯಾರೋ ಕಳ್ಳರು ಇದ್ದಂಗ ಕಾಣತೀರಿ," ಎಂದು ಎಬ್ಬಿಸಿ ಕಳಿಸಿದ.

ಇಂಥ ನಾನು ನನ್ನ ಮೈಯನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದೆ ಎಂಬುದು ಮುಂದೆ ಬಂದ ಕಥೆ. ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು, ವಯಸ್ಸು ಅಂದುಕೊಂಡೆ. ಬಯಲುಕಡೆ ಹೋದಾಗ ಒಂದೆರಡು ಸಲ ರಕ್ತ ಕಂಡಿತು; ಮೂಲವ್ಯಾಧಿ ಅಂದುಕೊಂಡೆ. ನನ್ನ ಹೆಂಡತಿ ಗಂಗಮ್ಮ ಒಂದು ದಿನ ನನ್ನನ್ನು ಬೆಳಕಿಗೆ ತಿರುಗಿಸಿ ನಿಲ್ಲಿಸಿ, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ಸುಣ್ಣ ಬಳದ ಗೋಡಿ ಆಗ್ಯಾವು. ನಡ್ರಿ ದವಾಖಾನಿಗೆ," ಎಂದಳು. ಮೂಲವ್ಯಾಧಿಗೆ ಯಾರು ರಾಯಚೂರಿಗೆ ಹೋಗುತ್ತಾರೆ ಎಂದು ನಾನು ನಕ್ಕೆ. ಅವಳು ನಗಲಿಲ್ಲ. "ನಿಮ್ಮಣ್ಣನೂ ಹಿಂಗ ಅಂದಿದ್ದ," ಎಂದು ಒಳಗೆ ಹೋದಳು. ನಾವು ಮೂವರು ಅಣ್ಣತಮ್ಮಂದಿರು. ದೊಡ್ಡವನು ಮಸರಕಲ್ಲಿನಲ್ಲಿ ಹೊಲ ನೋಡಿಕೊಂಡಿದ್ದ. ಮೂಲವ್ಯಾಧಿ ಎಂದು ಎರಡು ವರ್ಷ ಯಾರ ಮುಂದೂ ಬಾಯಿ ಬಿಡದೆ ಮಜ್ಜಿಗೆ ಕುಡಿದುಕೊಂಡೇ ಇದ್ದ. ಹೇಳುವ ಹೊತ್ತಿಗೆ ಅದು ಕರುಳಿನ ಕ್ಯಾನ್ಸರಾಗಿ ಬಲಿತು, ಡಾಕ್ಟರು ಕೇಳಿಸಿಕೊಳ್ಳುವುದನ್ನು ಬಿಟ್ಟು ಬೇರೇನೂ ಮಾಡುವ ಹಾಗಿರಲಿಲ್ಲ. ಈಗ ಉಳಿದವರು ನಾನು, ಮತ್ತು ದೇವದುರ್ಗದಲ್ಲಿ ಗೊಬ್ಬರದಂಗಡಿ ಇಟ್ಟಿರುವ ತಮ್ಮ ನಿಂಗಪ್ಪ. ಅಣ್ಣನ ಹೆಸರೆತ್ತಿದ ಮೇಲೆ ನಾನು ಚಪ್ಪಲಿ ಮೆಟ್ಟಿಕೊಂಡೆ.

ರಾಯಚೂರಿನ ಡಾಕ್ಟರು ನನ್ನ ಮಗಳ ವಯಸ್ಸಿನವರು. ರಕ್ತದ ಕಾಗದ ನೋಡಿ, ಮನೆತನದ ಕಥೆ ಕೇಳಿ, ಪೆನ್ನು ಕೆಳಗಿಟ್ಟರು. "ಕೊಲೊನೋಸ್ಕೋಪಿ ಮಾಡಬೇಕ್ರೀ ಯಜಮಾನ್ರೇ. ಸಣ್ಣ ಪೈಪಿಗೆ ಕ್ಯಾಮೆರಾ ಇರ್ತದ. ದೊಡ್ಡ ಕರುಳು ಪೂರಾ ಒಳಗ ಹೋಗಿ ನೋಡ್ತೀವಿ. ಏನರ ಅನುಮಾನ ಬಂದ್ರ ಅಲ್ಲೇ ಒಂದು ಚೂರು ಸ್ಯಾಂಪಲ್ ತಗೀತೀವಿ."

"ಪೈಪು ಯಾವ ಕಡಿಂದ ಹೋಗ್ತದ್ರೀ?" ಎಂದು ಕೇಳಿದೆ, ಅನುಮಾನದಿಂದ.

ಅವರು ಹೇಳಿದರು. ಗಂಗಮ್ಮ ಗೋಡೆಯ ಮೇಲಿದ್ದ ಕರುಳಿನ ಚಿತ್ರ ನೋಡತೊಡಗಿದಳು. ನಾನು ಮೂವತ್ತು ವರ್ಷ ಸಾವಿರಾರು ಚೀಲಗಳಿಗೆ ಮಾಡಿದ್ದನ್ನು ಯಾರೋ ನನಗೆ ಮಾಡುವವರಿದ್ದರು. ಚೀಲಕ್ಕೆ ಹೇಗನ್ನಿಸುತ್ತಿತ್ತೋ ಎಂದು ಆವತ್ತಿನವರೆಗೆ ನಾನು ಯೋಚಿಸಿರಲಿಲ್ಲ.

ಪರೀಕ್ಷೆಗಿಂತ ಅದರ ತಯಾರಿಯೇ ದೊಡ್ಡದು ಎಂದು ಹೊರಗೆ ಕೂತಿದ್ದ ನರ್ಸಮ್ಮ ತಿಳಿಸಿದಳು. ಕರುಳು ತೊಳೆದ ಬೋಗುಣಿಯ ಹಾಗಿರಬೇಕಂತೆ. ಎರಡು ದಿನ ಮೊದಲಿನಿಂದ ಬೀಜ, ಕಾಳು, ಸೊಪ್ಪು, ಸಿಪ್ಪೆ ಇರುವ ಯಾವುದೂ ಬೇಡ. ಹಿಂದಿನ ದಿನ ಮಧ್ಯಾಹ್ನದ ಮೇಲೆ ಗಟ್ಟಿ ಪದಾರ್ಥವೇ ಬೇಡ. ಗ್ಲಾಸಿನ ಆಚೆ ಕಾಣುವಂಥ ತಿಳಿ ನೀರು, ತಿಳಿ ಎಳನೀರು, ಹಾಲಿಲ್ಲದ ಚಹಾ ಅಷ್ಟೆ. ಸಂಜೆ ಒಂದು ಪುಡಿಯನ್ನು ಒಂದು ಲೀಟರ್ ನೀರಿಗೆ ಕಲಸಿ ಗ್ಲಾಸು ಗ್ಲಾಸಾಗಿ ಕುಡಿಯಬೇಕು. ಅಷ್ಟಕ್ಕೇ ಮುಗಿಯಲಿಲ್ಲ, ಬೆಳಗಿನ ಜಾವ ಐದಕ್ಕೆ ಎದ್ದು ಇನ್ನೊಂದು ಲೀಟರ್.

ಪುಡಿಯ ಪೊಟ್ಟಣದ ಮೇಲೆ ನಿಂಬೆಹಣ್ಣಿನ ಚಿತ್ರವಿತ್ತು. ಅಲ್ಲೇ ನನ್ನ ಅನುಮಾನ ಕಣ್ಣು ಬಿಟ್ಟಿತು. ಔಷಧಿ ಮಾರುವವನು ನಿಂಬೆಹಣ್ಣಿನ ಚಿತ್ರ ಹಾಕುತ್ತಾನೆಂದರೆ ಅದರ ಹಿಂದೆ ಮುಚ್ಚಿಡುವ ರುಚಿಯೊಂದಿದೆ ಎಂದೇ ಅರ್ಥ. ಒಂದೇ ಹೊಟ್ಟೆ ತೊಳೆಯಲು ಎರಡು ಸಲ ಯಾಕೆ? ಸಂಜೆ ಒಮ್ಮೆ ತೊಳೆದ ಪಾತ್ರೆಯನ್ನು ಗಂಗಮ್ಮ ಬೆಳಗ್ಗೆ ಮತ್ತೆ ತೊಳೆಯುತ್ತಾಳೇನು? ಇದರಲ್ಲಿ ಒಂದು ಪೊಟ್ಟಣ ಜಾಸ್ತಿ ಮಾರುವ ಹುನ್ನಾರವಿದೆ ಎಂದು ನನಗೆ ಖಾತ್ರಿಯಾಯಿತು. ತಿರುಗಿ ಒಳಗೆ ಹೋಗಿ ಡಾಕ್ಟರನ್ನೇ ಕೇಳಿದೆ. ಅವರು ಬೇಸರ ಮಾಡಿಕೊಳ್ಳದೆ, ಸಂಜೆಯದು ಕಸ ಹೊರಗೆ ಹಾಕುತ್ತದೆ, ಆದರೆ ರಾತ್ರಿಯೆಲ್ಲ ಮೇಲಿನಿಂದ ಪಿತ್ತ, ಲೋಳೆ ಇಳಿದು ಬಲಗಡೆಯ ಕರುಳಿಗೆ ಮೆತ್ತಿಕೊಳ್ಳುತ್ತದೆ, ಬೆಳಗಿನದು ಅದನ್ನು ತೊಳೆಯುವುದಕ್ಕೆ ಎಂದರು. "ಬೆಳಗಿಂದು ಬಿಟ್ರ, ನಾವು ನೋಡಬೇಕಾದ್ದೇ ಕಾಣೋದಿಲ್ರೀ," ಎಂದರು. ಹೇಳಿಕೆ ಚೆನ್ನಾಗಿತ್ತು. ಚೆನ್ನಾಗಿರುವ ಹೇಳಿಕೆಗಳನ್ನು ನಾನು ಗಿರಣಿಯ ಬಾಗಿಲಲ್ಲಿ ಬಹಳ ಕೇಳಿದ್ದೇನೆ.

ಮಾನ್ವಿಗೆ ಬಂದವನೇ ಬೇರೆ ದಾರಿಗಳನ್ನು ವಿಚಾರಿಸತೊಡಗಿದೆ. ಹೊಟ್ಟೆ ತೊಳೆಯುವ ವಿಷಯದಲ್ಲಿ ಅಭಿಪ್ರಾಯವಿಲ್ಲದ ಮನುಷ್ಯ ನಮ್ಮ ಮೂರು ತಾಲೂಕಿನಲ್ಲಿ ಇಲ್ಲ ಎಂದು ಆಗ ತಿಳಿಯಿತು. ತಮ್ಮ ನಿಂಗಪ್ಪನಿಗೆ ಫೋನು ಮಾಡಿದೆ. ಅವನು ಗೊಬ್ಬರದ ಚೀಲ ಇಳಿಸಿಕೊಳ್ಳುತ್ತಲೇ, "ಎರಡು ಲೀಟರ್ ಯಾಕೋ ಅಣ್ಣಾ? ನಮ್ಮ ಬಾಜೂ ಅಂಗಡಿಯವ ಒಂದು ಸಣ್ಣ ಶೀಶೆ ಕುಡುದು ಮುಗಿಸಿದ. ಇಷ್ಟಽ ಇಷ್ಟು!" ಎಂದ. ಎಷ್ಟು ಎಂಬುದು ಫೋನಿನಲ್ಲಿ ಕಾಣಲಿಲ್ಲ. ಅಂಗಡಿಯವನನ್ನೇ ಲೈನಿಗೆ ಕರೆಸಿ ಕೇಳಿದರೆ, ಶೀಶೆ ಸಣ್ಣದು ನಿಜ, ಆದರೆ ಸಮುದ್ರವನ್ನು ಕುದಿಸಿ ಅದರಲ್ಲಿ ತುಂಬಿದ ಹಾಗೆ ಉಪ್ಪು, ಅದರ ಮೇಲೆ ಹೇಗೂ ಎರಡು ತಂಬಿಗೆ ನೀರು ಕುಡಿಯಲೇಬೇಕು ಎಂದು ಬಾಯಿ ಬಿಟ್ಟ. ನರ್ಸಮ್ಮನನ್ನು ಕೇಳಿದರೆ, ಬಿಪಿ ಗುಳಿಗೆ ನುಂಗುವವರಿಗೆ ಅದು ಕಿಡ್ನಿಗೆ ಒಳ್ಳೆಯದಲ್ಲ, ಅದಕ್ಕೇ ನಿಮಗೆ ಬರೆದಿಲ್ಲ ಎಂದಳು. ನಾನು ಬಿಪಿ ಗುಳಿಗೆ ನುಂಗುವವನು. ಶೀಶೆ ಹೋಯಿತು.

ಮಸರಕಲ್ಲಿನಲ್ಲಿರುವ ನಮ್ಮ ಚಿಗವ್ವನದು ಔಡಲೆಣ್ಣೆಯ, ಅಂದರೆ ಹರಳೆಣ್ಣೆಯ ಪಕ್ಷ. ಚಿಕ್ಕವರಿದ್ದಾಗ ನಮ್ಮ ಮೂವರನ್ನೂ ಸಾಲಾಗಿ ಕೂರಿಸಿ, ಮೂಗು ಹಿಡಿದು, ಬಿಸಿ ಮಾಡಿದ ಎಣ್ಣೆಯನ್ನು ಒಳಲೆಯಲ್ಲಿ ಹೊಯ್ದವಳೇ ಅವಳು. ಅಣ್ಣ ಯಾವಾಗಲೂ ಮೊದಲು ಕುಡಿದು, ಸಿಹಿ ಅದ ಎಂದು ನಮಗೆ ಸುಳ್ಳು ಹೇಳುತ್ತಿದ್ದ. "ನಿನ್ನ ಡಾಕ್ಟರ್ ಹುಟ್ಟೋಕಿಂತ ಮುಂಚಿನಿಂದ ನಾ ಊರ ಹೊಟ್ಟಿ ತೊಳದೀನೋ. ಬಾ ಇಲ್ಲೆ, ಎರಡು ಒಳಲಿ ಹಾಕತೀನಿ, ಹೊಟ್ಟ್ಯಾಗ ನಿನ್ನೆ ಮೊನ್ನೀದೂ ಉಳಿಯಂಗಿಲ್ಲ," ಎಂದಳು. ಔಡಲೆಣ್ಣೆಯ ಶಕ್ತಿಯ ಬಗ್ಗೆ ನನಗೆ ಅನುಮಾನವಿರಲಿಲ್ಲ. ಅದು ಎಲ್ಲಿ ನಿಲ್ಲುತ್ತದೆ ಎಂಬುದರ ಬಗ್ಗೆ ಇತ್ತು. ಅದು ಹಿಂಡಿದ ನೋವು ನನಗೆ ಈಗಲೂ ನೆನಪಿದೆ. ನಮ್ಮ ಓಣಿಯ ಹಳೆಯ ಕಂಪೌಂಡರ್ ಮಾತ್ರ ಇವೆಲ್ಲ ಬೇಡ, ಎನಿಮಾ ಒಂದೇ ಪ್ರಾಮಾಣಿಕ ದಾರಿ ಎಂದು ವಾದಿಸಿದ. ಅದು ಎಡಗಡೆಯ ಒಂದು ತಿರುವಿನವರೆಗೆ ಮಾತ್ರ ತೊಳೆಯುತ್ತದೆ, ಮೇಲಕ್ಕೆ ಏರುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅಂಗಳ ಗುಡಿಸಿ ಮನೆ ಗುಡಿಸಿದೆ ಎಂದ ಹಾಗೆ. ಕಿರಾಣಿ ಅಂಗಡಿಯವನು ಸೋನಾಮುಖಿ ಎಲೆ ಕಟ್ಟಿ ಕೊಡಲು ಬಂದ. ಬಸ್‌ಸ್ಟ್ಯಾಂಡಿನಲ್ಲಿ ಗುರುತೇ ಇಲ್ಲದ ಒಬ್ಬರು, ನನ್ನ ಫೋನಿನ ಮಾತು ಕೇಳಿಸಿಕೊಂಡು, ಪಪ್ಪಾಯಿ ಎಂದರು. ಹೀಗೆ ಎಲ್ಲವನ್ನೂ ಉಜ್ಜಿ, ಊದಿ, ಕಡಿದು ನೋಡಿದ ಮೇಲೆ ಪುಡಿಯೇ ಉಳಿಯಿತು. ನಂಬಿಕೆಯಿಂದ ಆರಿಸಿದ್ದಲ್ಲ. ಉಳಿದವುಗಳ ಮೇಲಿನ ಅನುಮಾನ ಅದರ ಮೇಲಿನದಕ್ಕಿಂತ ಒಂದು ಸೇರು ಹೆಚ್ಚಿತ್ತು, ಅಷ್ಟೆ.

ಇನ್ನೊಂದು ತೊಡಕು. ಬೆಳಗ್ಗೆ ಐದಕ್ಕೆ ಒಂದು ಲೀಟರ್ ಕುಡಿದು ಮಾನ್ವಿಯಿಂದ ರಾಯಚೂರಿಗೆ ಸರ್ಕಾರಿ ಬಸ್ಸಿನಲ್ಲಿ ಹೋಗುವುದು ಹೇಗೆ? ನಮ್ಮ ಬಸ್ಸುಗಳು ಕೈ ಮಾಡಿದಲ್ಲೆಲ್ಲ ನಿಲ್ಲುತ್ತವೆ, ನನಗೆ ಬೇಕಾದಲ್ಲಿ ನಿಲ್ಲುತ್ತವೆಂಬ ಭರವಸೆ ಇರಲಿಲ್ಲ. ಹಿಂದಿನ ದಿನವೇ ಹೋಗಿ ಲಾಡ್ಜಿನಲ್ಲಿ ಉಳಿಯೋಣ ಎಂದೆ. ಗಂಗಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ಬೀಗರ ಊರಾಗ ಲಾಡ್ಜಿನ್ಯಾಗ ಇಳಿತೀರೇನ್ರೀ? ನಾಳಿ ಅವರಿಗೆ ಗೊತ್ತಾದ್ರ ಮಗಳ ಮುಖ ಎಲ್ಲಿ ಇಡಬೇಕು?" ನಮ್ಮ ಕಡೆ ಮನುಷ್ಯ ದೇವರ ಗುಡಿಯಲ್ಲಾದರೂ ಸ್ವಲ್ಪ ಸಡಿಲವಾಗಿ ಕೂರಬಹುದು, ಬೀಗರ ಮನೆಯಲ್ಲಿ ಆಗದು. ಅಲ್ಲಿ ಕೆಮ್ಮಿಗೂ ಒಂದು ಮರ್ಯಾದೆ ಇದೆ. ಅಂಥ ಮನೆಯಲ್ಲಿ ನಾನು ಹೊಟ್ಟೆ ತೊಳೆದುಕೊಳ್ಳಬೇಕಿತ್ತು. ಮಗಳು ಅಳಿಯ ಇಬ್ಬರೂ ಲಿಂಗಸುಗೂರಿನಲ್ಲಿ ಶಾಲೆ ಕಲಿಸುವವರು. ರಾಯಚೂರಿನ ಮನೆಯಲ್ಲಿ ಬೀಗರು ಶರಣಪ್ಪನವರು, ಬೀಗತಿ ಈರಮ್ಮನವರು ಇಬ್ಬರೇ. ನಾನು ಗಂಗಮ್ಮನಿಂದ ಆಣೆ ಮಾಡಿಸಿಕೊಂಡೆ: ಏನು ಪರೀಕ್ಷೆ, ಯಾವ ಕಡೆಯಿಂದ ಎಂಬುದನ್ನು ಬೀಗರಿಗೆ ಹೇಳಬಾರದು. ಸ್ವಲ್ಪ ಚೆಕಪ್ ಅದ ಅಂದರೆ ಸಾಕು.

ಪರೀಕ್ಷೆಯ ಹಿಂದಿನ ದಿನ ಬೀಗರ ಮನೆಗೆ ಬಂದು ಇಳಿದೆವು. ಸಂಜೆ ಆರಕ್ಕೆ ಕೋಣೆಯ ಬಾಗಿಲು ಹಾಕಿಕೊಂಡು ಮೊದಲ ಲೀಟರ್ ಕುಡಿದೆ. ರುಚಿ, ಬಿಸಿಲಿಗಿಟ್ಟ ನಿಂಬೆ ಶರಬತ್ತಿನಲ್ಲಿ ಯಾರೋ ಸಾಬೂನು ತೊಳೆದ ಹಾಗಿತ್ತು. ಮುಕ್ಕಾಲು ಗಂಟೆ ಏನೂ ಆಗಲಿಲ್ಲ. ಪುಡಿ ಖೊಟ್ಟಿ ಎಂದು ಗೆದ್ದ ಮುಖ ಮಾಡಿ ಗಂಗಮ್ಮನಿಗೆ ಹೇಳುತ್ತಿದ್ದೆ, ವಾಕ್ಯ ಪೂರ್ತಿಯಾಗಲಿಲ್ಲ.

ಬೀಗರ ಮನೆಯ ಪಾಯಖಾನೆ ಪಡಸಾಲೆಯ ಆಚೆ ತುದಿಯಲ್ಲಿದೆ. ಪಡಸಾಲೆಯಲ್ಲಿ ಬೀಗರು ಟಿವಿಯಲ್ಲಿ ವಾರ್ತೆ ನೋಡುತ್ತಾ ಕುರ್ಚಿಯಲ್ಲಿ ಕೂತಿದ್ದರು. ನಾನು ಹಾದುಹೋದೆ, ನನಗೆ ಮರ್ಯಾದೆ ಕೊಡಲು ಅವರು ಎದ್ದು ನಿಂತರು. ನಾನು ಹೊರಬಂದೆ, ಅವರು ಮತ್ತೆ ಎದ್ದು, "ಬರ್ರಿ, ಕುಂದರ್ರಿ," ಎಂದರು. ಕೂರುವಷ್ಟು ಬಿಡುವು ನನಗಿರಲಿಲ್ಲ. ಎರಡನೆಯ ಸಲ, ಮೂರನೆಯ ಸಲ, ಐದನೆಯ ಸಲ, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಪಾಪ, ಮಂಡಿನೋವಿನ ಮನುಷ್ಯ, ಕುರ್ಚಿಯ ಎರಡೂ ತೋಳು ಹಿಡಿದು ಏಳುತ್ತಲೇ ಇದ್ದರು. ಕೂತೇ ಇರಿ ಎಂದು ನಾನು ಕೈ ಮಾಡಿದರೆ ಆ ಮರ್ಯಾದೆಗೆ ಪ್ರತಿಮರ್ಯಾದೆಯಾಗಿ ಇನ್ನಷ್ಟು ನೆಟ್ಟಗೆ ನಿಲ್ಲುತ್ತಿದ್ದರು. ಎಂಟನೆಯ ಸಲಕ್ಕೆ ಅವರು ಟಿವಿ ಆರಿಸಿ ನಿಂತೇ ಬಿಟ್ಟರು. ಅವರ ಮುಖದಲ್ಲಿ ನನಗೆ ಚೆನ್ನಾಗಿ ಪರಿಚಯವಿದ್ದ ಒಂದು ಭಾವ ಕಂಡಿತು. ಅದನ್ನು ನಾನು ದಿನಾ ಕನ್ನಡಿಯಲ್ಲಿ ನೋಡುತ್ತೇನೆ.

ಅಡಿಗೆಮನೆಯಲ್ಲಿ ಬೀಗತಿಯ ದನಿ ಕೇಳಿಸಿತು. "ಯವ್ವಾ ಗಂಗಮ್ಮಾ, ಖರೇ ಹೇಳ್ರಿ. ಬಂದಾಗಿಂದ ಬೀಗರು ನಮ್ಮನಿ ಚಾ ಮುಟ್ಟಿಲ್ಲ, ಮಂಡಕ್ಕಿ ಮುಟ್ಟಿಲ್ಲ. ಕುಂತಲ್ಲಿ ಕುಂದರವಲ್ರು. ನಮ್ಮಿಂದ ಏನರ ತಪ್ಪಾಗ್ಯಾದೇನ್ರೀ?"

ಗಂಗಮ್ಮ ಆಣೆಗೆ ಕಟ್ಟುಬಿದ್ದು, "ಏನಿಲ್ರೀ, ಅವರಿಗೆ ಹಸಿವಿಲ್ಲ," ಎಂದಳು. ಇದಕ್ಕಿಂತ ಕೆಟ್ಟ ಉತ್ತರ ಹುಡುಕಿದರೂ ಸಿಗುತ್ತಿರಲಿಲ್ಲ. ಹೆಣ್ಣು ಕೊಟ್ಟವರು ಬೀಗರ ಮನೆಗೆ ಬಂದು ಅನ್ನ ಮುಟ್ಟುವುದಿಲ್ಲವೆಂದರೆ ಅದರ ಅರ್ಥ ನಮ್ಮಲ್ಲಿ ಒಂದೇ: ಸಂಬಂಧದಲ್ಲಿ ಬಿರುಕು ಬಂದಿದೆ, ಮಾತು ನಾಲಿಗೆಯ ತುದಿಯಲ್ಲಿದೆ. ಎಂಟೂವರೆಗೆ ತಟ್ಟೆ ಹಾಕಿದರು. ಬೀಗರು ಕೂತರು, ನಾನು ಕೂರಲಿಲ್ಲ. ಅವರು ತಟ್ಟೆಯನ್ನು ಮುಂದಕ್ಕೆ ಸರಿಸಿ, "ನೀವು ಉಣ್ಣಲಿಲ್ಲಂದ್ರ ನಾನೂ ಉಣ್ಣಂಗಿಲ್ರೀ," ಎಂದು ತಲೆ ತಗ್ಗಿಸಿದರು. ಬೀಗತಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮಗಳ ಬಾಳುವೆ ನನ್ನ ದೊಡ್ಡ ಕರುಳಿನ ಮೇಲೆ ತೂಗುತ್ತಿತ್ತು. ನಾನು ಕೂತೆ. ಗಂಗಮ್ಮ ಬಾಗಿಲ ಹಿಂದಿನಿಂದ ಕಣ್ಣಿನಲ್ಲಿ ಬೇಡ ಬೇಡ ಎಂದಳು. ಒಂದು ತುತ್ತು ಅನ್ನವೆಂದು ಶುರುವಾದದ್ದು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಎಣಗಾಯಿ ದಾಟಿ, ಬೀಗತಿ ಕೈಯಾರೆ ತುಪ್ಪ ಹಾಕಿದ ಎರಡು ಶೇಂಗಾ ಹೋಳಿಗೆಯಲ್ಲಿ ನಿಂತಿತು. ನರ್ಸಮ್ಮ ಕೊಟ್ಟ ಪಟ್ಟಿಯಲ್ಲಿ ಬೇಡ ಎಂದು ಬರೆದಿದ್ದುದನ್ನೆಲ್ಲ ಯಾರೋ ಓದಿ ಅಡಿಗೆ ಮಾಡಿದ ಹಾಗಿತ್ತು. ಬೀಗರ ಮುಖ ಅರಳಿತು.

ಬೆಳಗಿನ ಜಾವ ಐದಕ್ಕೆ ಎರಡನೆಯ ಲೀಟರ್ ಕಲಸಿಕೊಂಡು ಕೋಣೆಯ ಬಾಗಿಲು ತೆರೆದೆ. ಬೀಗರು ಪಡಸಾಲೆಯಲ್ಲೇ, ಪಾಯಖಾನೆಯ ಬಾಗಿಲಿಗೆ ಆನಿಸಿ ಹೊರಸು ಹಾಕಿ ಮಲಗಿದ್ದರು. ಇದನ್ನು ಕುಡಿದರೆ ಏನಾಗುತ್ತದೆಂದು ನನಗೆ ಸಂಜೆಯೇ ತಿಳಿದಿತ್ತು. ಪ್ರತಿಸಲ ಅವರನ್ನು ಎಬ್ಬಿಸಿ, ಹೊರಸು ಸರಿಸಿ, ಅವರು ಎದ್ದು ನಿಂತು ಬರ್ರಿ ಎನ್ನುವುದು ಕಣ್ಣಿಗೆ ಕಟ್ಟಿತು. ಸಂಜೆ ಕೊನೆಯ ಹೊತ್ತಿಗೆ ತಿಳಿ ನೀರೇ ಹೋಗಿತ್ತಲ್ಲ, ಎರಡು ಹೋಳಿಗೆಯಿಂದ ಏನು ಮಹಾ, ಎರಡನೆಯ ಪೊಟ್ಟಣ ಹೇಗಿದ್ದರೂ ಮಾರಾಟದ ಹುನ್ನಾರ ಎಂದು ಮೂವತ್ತು ವರ್ಷದ ಅನುಭವ ತೀರ್ಪು ಕೊಟ್ಟಿತು. ಲೀಟರನ್ನು ಹಿತ್ತಲ ಮೋರಿಗೆ ಸುರಿದು, ಖಾಲಿ ಬಾಟಲಿ ತೊಳೆದು ಕಿಟಕಿಯಲ್ಲಿಟ್ಟೆ. ಬೀಗತಿಯ ಜೊತೆ ಒಳಕೋಣೆಯಲ್ಲಿ ಮಲಗಿದ್ದ ಗಂಗಮ್ಮ ಎದ್ದು ಬಂದು ಬಾಟಲಿ ನೋಡಿ, "ಶಾಣ್ಯಾ ಇದ್ದೀರಿ," ಎಂದಳು. ಅವಳು ನನ್ನನ್ನು ನಂಬುತ್ತಾಳೆ. ಆ ಮನೆಯಲ್ಲಿ ಅದೊಂದೇ ಆವತ್ತಿನ ಕೊನೆಯ ನಂಬಿಕೆ.

ಬೀಗರು ಬೇಡವೆಂದರೂ ದವಾಖಾನೆಗೆ ಜೊತೆಗೇ ಬಂದರು. ಎಲ್ಲಾ ಕುಡಿದ್ರಾ ಎಂದು ನರ್ಸಮ್ಮ ಕೇಳಿದಾಗ ಹೌದೆಂದೆ. ಕೈಗೆ ಸೂಜಿ ಚುಚ್ಚಿ ಮಂಪರು ಬರಿಸಿದರು. ಎಚ್ಚರವಾದಾಗ ಡಾಕ್ಟರು ನನ್ನ ಮಂಚದ ಪಕ್ಕ ನಿಂತಿದ್ದರು, ಆಚೆ ಗಂಗಮ್ಮ, ಅವಳ ಹಿಂದೆ ಬೀಗರು.

"ಯಜಮಾನ್ರೇ, ಶೇಂಗಾ ಯಾವಾಗ ತಿಂದ್ರೀ?" ಎಂದರು ಡಾಕ್ಟರು.

ನಾನು ಮಂಪರು ಇನ್ನೂ ಇಳಿದಿಲ್ಲವೆಂಬಂತೆ ಕಣ್ಣು ಮುಚ್ಚಿದೆ.

"ಎಳ್ಳು, ಬದನಿಬೀಜ, ಶೇಂಗಾ, ಎಲ್ಲಾ ಅದ ಒಳಗ. ಅರ್ಧ ದಾರಿಗೆ ವಾಪಸ್ ಬಂದೀನಿ, ಏನೂ ಕಾಣವಲ್ದು. ಬೆಳಗಿಂದು ನೀವು ಕುಡದಿಲ್ಲ." ಕೇಳಿದ ಹಾಗಿರಲಿಲ್ಲ ಆ ದನಿ, ಚೀಲಕ್ಕೆ ದರ್ಜೆ ಹಾಕಿದ ಹಾಗಿತ್ತು. "ಇವತ್ತು ಸಂಜಿಗೆ, ನಾಳಿ ಬೆಳಿಗ್ಗೆ, ಎರಡೂ ಮತ್ತೆ ಕುಡುದು ಬರ್ರಿ. ನಿಮ್ಮ ರಕ್ತ ಎಲ್ಲಿಂದ ಹೋಗಾಕತ್ತದ ಅಂತ ನಾನು ನೋಡಲೇಬೇಕು."

ಗಂಗಮ್ಮ ಮಂಚದ ತುದಿಗೆ ಕೂತು, ಸೆರಗು ಬಾಯಿಗಿಟ್ಟುಕೊಂಡು ಅತ್ತಳು. "ನಿಮ್ಮಣ್ಣನ ಮುಂದ ಕುಂತು ಅತ್ತದ್ದು ಸಾಕಾಗಿಲ್ಲೇನ್ರೀ ನನಗ," ಎಂದಳು ಕೊನೆಗೆ. ಮೂವತ್ತೈದು ವರ್ಷದ ಸಂಸಾರದಲ್ಲಿ ನನಗೆ ಅವಳ ಬೈಗುಳಗಳ ಬಾಬತ್ತು ಎಲ್ಲಾ ಗೊತ್ತು. ಇದು ಅದರೊಳಗೆ ಬರುವಂಥದ್ದಲ್ಲ.

ಬೀಗರಿಗೆ ಮಾತ್ರ ಬೇರೆಯೇ ಆಗಿತ್ತು. ಅವರು ಗೋಡೆ ಹಿಡಿದು ಸ್ಟೂಲಿನ ಮೇಲೆ ಕೂತು ಉಸಿರು ಬಿಟ್ಟರು. "ಹೊಟ್ಟಿ ತೊಳ್ಯಾಕ ಬಂದಿದ್ರೇನ್ರೀ ಬೀಗರೇ! ಯಪ್ಪಾ! ನೀವು ಮಗಳನ್ನ ಕರಕೊಂಡು ಹೋಗೋ ಮಾತು ಆಡಾಕ ಬಂದೀರಿ, ಬಾಯಿ ಬರವಲ್ದಕ್ಕ ಆ ಕಡಿ ಈ ಕಡಿ ತಿರಗ್ಯಾಡಾಕತ್ತೀರಿ ಅಂತ ತಿಳಕೊಂಡೆವು. ಈರಮ್ಮ ಹುಡುಗಗ ಫೋನ್ ಮಾಡಿ, ಸೊಸಿಗೆ ಏನಂದೀಯೋ ಮಗನ ಅಂತ ಅರ್ಧ ತಾಸು ಬೈದಾಳ. ನೀವು ಮುಂಜಾನಿ ಹೇಳದ ಹೋಗಬಾರದು ಅಂತ ನಾನು ಬಾಗಿಲಿಗೆ ಅಡ್ಡ ಹೊರಸು ಹಾಕಿ ಮಲಗಿದ್ದೆ. ಕತ್ತಲ್ಯಾಗ ಯಾವ ಬಾಗಿಲು ಅಂತ ನೋಡಿಲ್ಲ!"

ಅಂದರೆ ನಾನು ಅವರ ಮರ್ಯಾದೆ ಕಾಯಲು ಕರುಳು ಕೆಡಿಸಿಕೊಂಡೆ, ಅವರು ನನ್ನ ಮರ್ಯಾದೆ ಕಾಯಲು ನಿದ್ದೆ ಕೆಡಿಸಿಕೊಂಡರು, ನಡುವೆ ಲಿಂಗಸುಗೂರಿನಲ್ಲಿ ಏನೂ ಅರಿಯದ ಅಳಿಯ ಬೈಸಿಕೊಂಡ.

ಆ ಸಂಜೆಯಿಂದ ಬೀಗರ ಮನೆ ಬದಲಾಯಿತು. ಒಲೆಯ ಮೇಲೆ ಹಾಲಿಲ್ಲದ ಚಹಾ ಬಿಟ್ಟು ಬೇರೆ ಏನೂ ಏರಲಿಲ್ಲ. ಬೀಗರು ಉಪವಾಸವಿರುವಾಗ ನಾವು ಉಣ್ಣುವುದೇ ಎಂದು ಬೀಗತಿ ಎಲ್ಲರಿಗೂ ಅದನ್ನೇ ಕೊಟ್ಟರು. ಶರಣಪ್ಪನವರು ಪುಡಿಯನ್ನು ತಾವೇ ಕೊಂಡು ತಂದು, ಫ್ರಿಜ್ಜಿನ ತಣ್ಣೀರಿಗೆ ಕಲಸಿ, "ತಣ್ಣಗ ಇದ್ರ ವಾಸನಿ ಏರಂಗಿಲ್ರೀ. ಗಟಗಟ ಬ್ಯಾಡ, ಪಾವು ತಾಸಿಗೆ ಒಂದು ಗ್ಲಾಸು. ನಡುನಡುವ ಅಡ್ಡಾಡ್ರಿ," ಎಂದು ಕುರ್ಚಿ ಎಳೆದುಕೊಂಡು ನನ್ನೆದುರು ಕೂತರು. ಈ ಸಲ ನಾನು ಹಾದುಹೋದಾಗ ಏಳಲಿಲ್ಲ. ಎಷ್ಟನೆಯದು ಎಂದು ಲೆಕ್ಕ ಮಾತ್ರ ಕೂಗಿ ಹೇಳುತ್ತಿದ್ದರು. ಇಷ್ಟೊಂದು ವಿದ್ಯೆ ಇವರಿಗೆ ಎಲ್ಲಿಂದ ಬಂತು ಎಂದು ನನಗೆ ಅನುಮಾನ ಬಂತು. ನಾಲ್ಕನೆಯ ಗ್ಲಾಸಿಗೆ ಕೇಳಿಯೇ ಬಿಟ್ಟೆ.

ಅವರು ಅಡಿಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಹೋದ ವರ್ಷ ಶ್ರೀಶೈಲಕ್ಕ ಹೋಗಿ ಬಂದೆ ಅಂತ ಹೇಳಿದ್ದೆನಲ್ರೀ? ಶ್ರೀಶೈಲಕ್ಕ ಹೋಗಿರಲಿಲ್ಲ. ಹೈದರಾಬಾದಿನ್ಯಾಗ ಇದನ್ನ ಮಾಡಿಸಿದೆ. ಆ ಸಣ್ಣ ಶೀಶೆ ಕೊಟ್ಟಿದ್ರು. ಅದನ್ನ ಕುಡದಾಗ ಖರೇನಽ ಮಲ್ಲಯ್ಯ ಕಂಡ. ಅದಕ್ಕಿಂತ ನಿಮ್ಮ ಪುಡಿ ಸಾವಿರ ಪಾಲು ಛಲೋ."

"ಮತ್ತ ಪ್ರಸಾದ ಕೊಟ್ಟಿದ್ರಿ?"

"ಮಿಠಾಯಿ ಅಂಗಡ್ಯಾಗ ಸಿಗ್ತಾವ್ರೀ ಲಾಡು."

ಆ ಲಾಡನ್ನು ನಾನು ಎರಡೂ ಕಣ್ಣಿಗೆ ಒತ್ತಿಕೊಂಡು ತಿಂದಿದ್ದೆ. ಅಡಿಗೆಮನೆಯಿಂದ ಬೀಗತಿಯ ದನಿ ಬಂತು: "ನನಗ ಅವತ್ತೇ ಗೊತ್ತಾಗಿತ್ತು. ಶ್ರೀಶೈಲದಿಂದ ಬಂದ ಮನುಷ್ಯಾ ಹಣಿಗೆ ವಿಭೂತಿ ಇಲ್ಲದ ಬರ್ತಾನೇನು?" ಬೀಗರು ಗ್ಲಾಸನ್ನು ನನ್ನ ಕೈಗೆ ಕೊಡುವುದು ಮರೆತು ತಾವೇ ಒಂದು ಗುಟುಕು ಕುಡಿದುಬಿಟ್ಟರು.

ಬೆಳಗಿನ ಲೀಟರನ್ನು ಗಂಗಮ್ಮ ಎದುರಿಗೆ ನಿಂತು ಕುಡಿಸಿದಳು. ಕುಡಿದ ಮೇಲೆ ಬಾಯಿ ತೆಗೆಸಿ ನೋಡಿದಳು. ನಾನು ಮೋರಿಯ ಕಡೆ ತಿರುಗಿ ನೋಡಲಿಲ್ಲ. ಪುಡಿಯ ಕಂಪನಿ, ಡಾಕ್ಟರ ಹೇಳಿಕೆ, ನಿಂಬೆಹಣ್ಣಿನ ಚಿತ್ರ ಯಾವುದೂ ಆಗ ತಲೆಯಲ್ಲಿರಲಿಲ್ಲ. ಅಣ್ಣನಿಗೆ ಯಾರೂ ಹೀಗೆ ಎದುರಿಗೆ ನಿಂತು ಕುಡಿಸಲಿಲ್ಲವಲ್ಲ ಎಂಬುದಷ್ಟೇ ಇತ್ತು. ಅವನು ಯಾರಿಗೂ ನಿಲ್ಲಲು ಬಿಟ್ಟಿರಲಿಲ್ಲ.

ಬಲಗಡೆಯಲ್ಲೇ ಇತ್ತು. ಶೇಂಗಾ ಕಾಳಿನಷ್ಟು ದೊಡ್ಡ ಒಂದು ಗಂಟು, ಅದರ ಪಕ್ಕ ಇನ್ನೊಂದು ಸಣ್ಣದು. ಅಲ್ಲೇ ಕತ್ತರಿಸಿ ತೆಗೆದು ಪರೀಕ್ಷೆಗೆ ಕಳಿಸಿದರು. ಹಿಂದಿನ ದಿನ ಅಲ್ಲಿಯವರೆಗೆ ಹೋಗಲೂ ಆಗಿರಲಿಲ್ಲ, ಹೋಗಿದ್ದರೂ ಹೋಳಿಗೆಯ ಚೂರಿನ ನಡುವೆ ಅದು ಇನ್ನೊಂದು ಚೂರಾಗಿ ಕಾಣುತ್ತಿತ್ತು ಎಂದರು ಡಾಕ್ಟರು. ವರದಿ ಬರಲು ಎಂಟು ದಿನ. ಆ ಎಂಟು ದಿನ ನಾನು ಯಾವುದನ್ನೂ ಅನುಮಾನಿಸಲಿಲ್ಲ. ಹಾಲಿನವನಿಗೆ ಇದೇ ಆಶ್ಚರ್ಯವಾಗಿ, ಯಾಕ್ರೀ, ಆರಾಮ ಇಲ್ಲೇನ್ರೀ ಎಂದು ಕೇಳಿದ. ಒಂಬತ್ತನೆಯ ದಿನ ಡಾಕ್ಟರು ಫೋನು ಮಾಡಿದರು. ಕೆಟ್ಟದ್ದಲ್ಲ. ಬಿಟ್ಟಿದ್ದರೆ ಕೆಲವು ವರ್ಷಗಳಲ್ಲಿ ಕೆಟ್ಟದ್ದಾಗಬಹುದಿತ್ತು. ಈಗ ಇಲ್ಲ, ಮೂರು ವರ್ಷ ಬಿಟ್ಟು ಮತ್ತೆ ಬನ್ನಿ. ಕೊನೆಗೊಂದು ಮಾತು ಸೇರಿಸಿದರು: "ಮನಿತನದಾಗ ಎರಡು ಮಂದಿಗೆ ಬಂದಂಗಾತು. ನಿಮ್ಮ ತಮ್ಮಗ ಹೇಳ್ರಿ. ಅವರೂ ಒಮ್ಮೆ ನೋಡಿಸಿಕೊಳ್ಳಬೇಕು."

ಆ ಸಂಜೆಯೇ ದೇವದುರ್ಗಕ್ಕೆ ಫೋನು ಹಚ್ಚಿದೆ. ಒಬ್ಬ ಅನುಭವಿ ಹೇಗೆ ಹೇಳಬೇಕೋ ಹಾಗೆ ಹೇಳಿದೆ. ಏನೂ ತ್ರಾಸಿಲ್ಲ, ಪುಡಿ ಶರಬತ್ತಿನ ಹಾಗಿದೆ, ಎರಡೂ ಸಲ ತಪ್ಪದೆ ಕುಡಿಯಬೇಕು, ನಾನು ಹೇಗೆ ಶಿಸ್ತಾಗಿ ಕುಡಿದೆ ನೋಡು ಎಂದು ಅರ್ಧ ಗಂಟೆ ವಿವರಿಸಿದೆ. ನಿಂಗಪ್ಪ ಹೂಂ ಹೂಂ ಎನ್ನುತ್ತಾ ಕೇಳಿದ. ಕೊನೆಗೆ, "ಆತು ಅಣ್ಣಾ. ಅತ್ತಿಗಿ ಕೈಯಾಗ ಫೋನ್ ಕೊಡು," ಎಂದ.

ಕೊಟ್ಟೆ. ಗಂಗಮ್ಮ ಫೋನು ಹಿಡಿದು ಹಿತ್ತಲಿಗೆ ಹೋದಳು. ಬಹಳ ಹೊತ್ತು ಮಾತು, ನಡುವೆ ಒಮ್ಮೆ ದನಿ ಒಡೆದದ್ದು, ಆಮೇಲೆ ಅವಳು ಜೋರಾಗಿ ನಕ್ಕದ್ದು ಗೋಡೆಯಾಚೆಯಿಂದ ಕೇಳಿಸಿತು. ತಿರುಗಿ ಬಂದು ಫೋನನ್ನು ನನ್ನ ಮುಂದಿಟ್ಟಳು.

"ಸೋಮವಾರ ಬರ್ತಾನಂತ ನಿಂಗಪ್ಪ. ಬೀಗರಿಗೂ ಹೇಳೀನಿ, ಅವರ ಮನ್ಯಾಗೇ ಇಳೀತಾನ. ನಾ ಹೋಗಿ ಕುಡಸ್ತೀನಿ."

"ನಾನೂ ಬರ್ತೀನಿ ಬಿಡು. ಅವಂಗ ಧೈರ್ಯ ಆಗ್ತದ," ಎಂದೆ.

"ನೀವು ಬ್ಯಾಡಂತ," ಎಂದಳು ಗಂಗಮ್ಮ. "ಅವನೂ ಅಂದ, ಬೀಗರೂ ಅಂದ್ರು, ಡಾಕ್ಟರೂ ಅಂದ್ರು."

ಡಾಕ್ಟರನ್ನು ಇವಳು ಯಾವಾಗ ಕೇಳಿದಳು ಎಂಬುದು ನನಗೆ ಈಗಲೂ ಅನುಮಾನ. ಕೇಳುವ ಧೈರ್ಯ ಮಾತ್ರ ಇಲ್ಲ.